ಅಕ್ಕಿ ಹೆಚ್ಚೈತೆ

ಹೋದ ವರ್ಷ ಯುಗಾದಿ ಕಳೆದು ಎರಡನೇ ಭಾನುವಾರ ಬುಕ್ಕಾಂಬುಧಿಯಲ್ಲಿ ಒಂದು ಗೃಹಪ್ರವೇಶ ಇತ್ತು. ಅಡುಗೆ ನಮ್ಮದು. ನಾನೂರು ಎಲೆ. ಬೆಳಿಗ್ಗೆ ಆರೂವರೆಗೆ ಒಲೆ ಉರೀತಿತ್ತು, ಹಂಡೆಯಲ್ಲಿ ನೀರು ಕಾಯ್ತಿತ್ತು, ಅಕ್ಕಿ ಇರಲಿಲ್ಲ. ಒಂದು ಕಾಳೂ ಇರಲಿಲ್ಲ. ಈಗ ಬರೆಯುವಾಗ ‘ಇರಲಿಲ್ಲ’ ಅಂತ ಬರೆದುಬಿಟ್ಟೆ. ಅವತ್ತು ಆ ಮಾತು ನನ್ನ ಬಾಯಿಂದ ಹೊರಡ್ತಿರಲಿಲ್ಲ. ಆಗಿದ್ದೆಲ್ಲಾ ಅದರಿಂದಲೇ.

ನನ್ನ ಹೆಸರು ಹಾಲಮ್ಮ. ಊರು ಪಂಚನಹಳ್ಳಿ. ವಯಸ್ಸು ಎಪ್ಪತ್ತು ದಾಟಿದೆ. ಮೂರನೇ ಕ್ಲಾಸಿಗೆ ಬಿಟ್ಟವಳು, ಅಕ್ಷರ ಕೂಡಿಸಿಕೊಂಡು ಓದ್ತೀನಿ. ನಾವು ಹನ್ನೊಂದು ಜನ ಹೆಂಗಸರು ಸೇರಿ ಸಮಾರಂಭದ ಅಡುಗೆ ಹಿಡಿಯುತ್ತೇವೆ. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಕಡೆ ಸುತ್ತಮುತ್ತ ಎಲ್ಲಿ ಕರೆದರೂ ಹೋಗ್ತೇವೆ. ಕಡೂರು ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮು ಐತೆ, ಅದೇ ನಮ್ಮ ಉಗ್ರಾಣ. ಸಾಮಾನು ಹೊರೋದು ಓಂಕಾರಪ್ಪ ಅನ್ನೋನ ಲಗೇಜ್ ಆಟೋ.

ಮೊದಲು ಯಾವ ದಿನ ಯಾರು ಎಲ್ಲಿಗೆ ಹೋಗಬೇಕು ಅನ್ನೋದನ್ನ ರುದ್ರಮ್ಮ ಒಂದು ಪುಸ್ತಕದಲ್ಲಿ ಬರೆದಿಡ್ತಿದ್ದಳು. ರುದ್ರಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವಳು, ಕೈ ಚುರುಕು, ಬಾಯಿ ಇನ್ನೂ ಚುರುಕು. ಅವಳ ಪುಸ್ತಕ ಚೆನ್ನಾಗೇ ನಡೀತಿತ್ತು, ಒಂದು ಸಲ ಬೀರೂರಿನ ಮದುವೆಗೆ ಎರಡು ತಂಡ ಹೋಗಿ ಒಂದೇ ಒಲೆ ಮುಂದೆ ನಿಲ್ಲೋವರೆಗೆ. ಅವತ್ತೇ ತರೀಕೆರೆಯಲ್ಲಿ ಒಂದು ನಾಮಕರಣ ಇತ್ತು. ಅಲ್ಲಿಗೆ ಯಾರೂ ಹೋಗಿರಲಿಲ್ಲ. ಮಗುವಿಗೆ ಹೆಸರಿಟ್ಟು, ಬಂದವರಿಗೆ ಹೋಟೆಲಿನಿಂದ ಉಪ್ಪಿಟ್ಟು ತರಿಸಿ ಕೊಟ್ಟರಂತೆ.

ಆಮೇಲೆ ಶಾಹಿದಾ ಬಂದಳು. ಅಜ್ಜಂಪುರದವಳು, ನಲವತ್ತು ದಾಟಿದ ಹೆಂಗಸು. ಜೆರಾಕ್ಸ್ ಅಂಗಡಿ ಇಟ್ಟಿದ್ದಳು, ಅದು ಮುಚ್ಚಿಹೋಯ್ತು. ಅಂಗಡಿ ಇದ್ದಾಗ ನಮ್ಮ ಊಟದ ಕಾರ್ಡು ಅವಳೇ ಟೈಪ್ ಮಾಡಿಕೊಡ್ತಿದ್ದಳು. ಮನೆಯಲ್ಲಿ ಅವರ ಮಾತು ದಖನಿ. ಕನ್ನಡ ಸ್ಕೂಲಲ್ಲಿ ಕಲಿತದ್ದು, ನಮ್ಮದಕ್ಕಿಂತ ಚೊಕ್ಕ. ಉಪ್ಪಿಟ್ಟಿನ ವಿಷಯ ಕೇಳಿ ನಕ್ಕಳು. “ಹಾಲಮ್ಮೋರೆ, ಇದಕ್ಕೆಲ್ಲ ಆನ್‌ಲೈನಲ್ಲಿ ಡೇಟಾಬೇಸ್ ಅಂತ ಸಿಗುತ್ತೆ. ನಾನು ಮಾಡಿಕೊಡ್ತೀನಿ” ಅಂದಳು.

ಮಾಡಿದಳು. ಅದನ್ನ ನಾವು ಪಟ್ಟಿ ಅಂತ ಕರೀತೀವಿ. ಗೋಡೆ ಮೇಲೆ ಗೆರೆ ಎಳೆದು ಮನೆ ಮನೆ ಮಾಡಿದ ಹಾಗೆ ಇರ್ತದೆ. ಆ ಗೋಡೆ ಎಲ್ಲರ ಫೋನಲ್ಲೂ ಐತೆ. ಒಬ್ಬಳು ಒಂದು ಮನೆ ತುಂಬಿದರೆ ಹನ್ನೊಂದು ಜನಕ್ಕೂ ಕಾಣ್ತದೆ. ಇನ್ನೊಂದು, ಅದಕ್ಕೆ ಶಾಹಿದಾ ಕೆಲವು ಕೆಲಸ ಹೇಳಿಕೊಟ್ಟಿದ್ದಳು. ಹೀಗಾದರೆ ಹೀಗೆ ಮಾಡು ಅಂತ. ಒಂದು ದಿನಕ್ಕೆ ಒಬ್ಬಳ ಹೆಸರು ಎರಡು ಕಡೆ ಬಂದರೆ ಕೆಂಪಾಗು. ಕೆಲಸ ಎರಡು ದಿನ ಇದೆ ಅನ್ನುವಾಗ ಎಲ್ಲರಿಗೂ ಮೆಸೇಜ್ ಕಳಿಸು. ಯಾರೂ ಫೋನ್ ಮಾಡಿ ನೆನಪಿಸಬೇಕಾಗಿಲ್ಲ, ಅದೇ ಮಾಡ್ತದೆ. ಅದನ್ನ ನೋಡಿಕೊಳ್ಳೋಕೆ ಅವಳಿಗೆ ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ. ನಾಲ್ಕು ತಿಂಗಳು ಒಂದು ತಪ್ಪೂ ಆಗಲಿಲ್ಲ. ರುದ್ರಮ್ಮ ಪುಸ್ತಕವನ್ನ ಟ್ರಂಕಿಗೆ ಹಾಕಿದಳು, ಬೀಗ ಹಾಕಲಿಲ್ಲ.

ಯುಗಾದಿ ಹತ್ತಿರ ಶಾಹಿದಾ ಸಾಮಾನಿಗೂ ಒಂದು ಪಟ್ಟಿ ಮಾಡಿದಳು. ಕೆಲವು ಮನೆಯವರು ತಮ್ಮ ಅಕ್ಕಿ, ತಮ್ಮ ಬೇಳೆ ಕೊಡ್ತಾರೆ. ಕೆಲವರು ಎಲ್ಲಾ ನೀವೇ ತನ್ನಿ ಅಂತಾರೆ. ಅದಕ್ಕೆ ಹಿಂದಿನ ದಿನ ಹೋದ ಹೆಂಗಸು ಅಲ್ಲಿ ಏನಿದೆ ನೋಡಿ, ಒಂದೊಂದು ಸಾಮಾನಿನ ಮುಂದೆಯೂ ಒಂದು ಗುಂಡಿ ಒತ್ತಬೇಕು. ಗುಂಡಿ ಮೂರು: ‘ಇಲ್ಲ’, ‘ಸಾಕು’, ‘ಹೆಚ್ಚು’. ‘ಇಲ್ಲ’ ಅಂದರೆ ಉಗ್ರಾಣದಿಂದ ಆ ಸಾಮಾನು ಬರ್ತದೆ. ‘ಹೆಚ್ಚು’ ಅಂದರೆ ಅಲ್ಲಿಗೆ ಅಂತ ತೆಗೆದಿಟ್ಟದ್ದು ಬೇಕಾದ ಇನ್ನೊಂದು ಕಡೆ ಹೋಗ್ತದೆ. ಅದನ್ನ ಓಂಕಾರಪ್ಪನ ಫೋನಿಗೆ ಪಟ್ಟಿಯೇ ಹೇಳ್ತದೆ.

ಬುಕ್ಕಾಂಬುಧಿ ಮನೆಗೆ ಶನಿವಾರ ಬೆಳಿಗ್ಗೆ ನಾನು, ರುದ್ರಮ್ಮ, ಇನ್ನಿಬ್ಬರು ಹೋದೆವು. ಹೊಸ ಮನೆ, ಸುಣ್ಣದ ವಾಸನೆ ಹೋಗಿರಲಿಲ್ಲ. ಹೊಸ ಗುಂಡಿಗಳನ್ನ ನಾನು ಒತ್ತಿದ್ದು ಅವತ್ತೇ ಮೊದಲು. ಅಡುಗೆಮನೆಯಲ್ಲಿ ನಿಂತುಕೊಂಡೇ ಒತ್ತಿದೆ. ಬೇಳೆ, ಇಲ್ಲ. ಬೆಲ್ಲ, ಇಲ್ಲ. ಎಣ್ಣೆ, ಇಲ್ಲ. ಉಪ್ಪು, ಅರಿಶಿನ ಮನೆಯವರು ಮೊದಲೇ ತಂದಿಟ್ಟಿದ್ದರು, ಸಾಕು. ಅಕ್ಕಿಗೆ ಬಂದಾಗ ಬೆರಳು ನಿಂತಿತು.

ಅಕ್ಕಿಯನ್ನ ಇಲ್ಲ ಅಂತ ಅನ್ನಬಾರದು. ನಮ್ಮ ಕಡೆ ಮುದುಕಿಯರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಮಡಕೆ ತಳ ಕಂಡರೂ ‘ಅಕ್ಕಿ ಹೆಚ್ಚೈತೆ’ ಅಂತೀವಿ. ಬಳೆ ಒಡೆದರೆ ಬಳೆ ಹೆಚ್ಚಿತು ಅಂತೀವಲ್ಲ, ಹಾಗೆ. ಅದರಲ್ಲೂ ಅದು ಹೊಸ ಮನೆ. ಇನ್ನೂ ಹಾಲುಕ್ಕಿಸಿಲ್ಲ. ಆ ಒಲೆ ಮುಂದೆ ನಿಂತು ನಾನು ಅಕ್ಕಿ ಇಲ್ಲ ಅಂತ ಒತ್ತೋದಾ? ಕೆಳಗೆ ‘ಹೆಚ್ಚು’ ಅಂತ ಇತ್ತು. ಓದಿದೆ, ಒತ್ತಿದೆ, ಫೋನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ತೆಂಗಿನಕಾಯಿ ಸುಲಿಸೋಕೆ ಹೋದೆ. ಅದು ಮನಸ್ಸಿನಲ್ಲೂ ಉಳಿಯಲಿಲ್ಲ.

ಸಾಯಂಕಾಲ ಓಂಕಾರಪ್ಪ ಬಂದು ಹಿಂದಿನ ಶೆಡ್ಡಿನಲ್ಲಿ ಮೂಟೆ ಇಳಿಸಿ ಹೋದ. ನಾವು ಹೂರಣ ರುಬ್ಬೋದರಲ್ಲಿ ಇದ್ದೆವು. ಎದ್ದು ನೋಡಲಿಲ್ಲ. ಬೆಲ್ಲ, ಆಲೂಗೆಡ್ಡೆ, ಬೇಳೆ ಎಲ್ಲಾ ಮೂಟೆಯೇ. ಟಾರ್ಪಾಲು ಮುಚ್ಚಿತ್ತು.

ಭಾನುವಾರ ಬೆಳಿಗ್ಗೆ ಟಾರ್ಪಾಲು ತೆಗೆದವಳು ರುದ್ರಮ್ಮ. “ಹಾಲಕ್ಕಾ, ಬಾ ಇಲ್ಲಿ. ಅಕ್ಕಿ ಎಲ್ಲಿ?” ಅಂದಳು. ಎಲ್ಲಾ ಮೂಟೆ ಬಿಚ್ಚಿ ನೋಡಿದೆವು. ಓಂಕಾರಪ್ಪನಿಗೆ ಫೋನ್ ಮಾಡಿದೆ.

“ಏನಪ್ಪಾ ಓಂಕಾರಪ್ಪ, ಅಕ್ಕಿ ಎಲ್ಲೋ?”

“ತರೀಕೇರೇಲಿ.”

“ತರೀಕೇರೇಲಿ ಯಾಕೋ?”

“ನನ್ನ ಕೇಳಿದ್ರೆ? ನಿನ್ನೆ ಮಧ್ಯಾಹ್ನ ಮೆಸೇಜ್ ಬಂತು, ಬುಕ್ಕಾಂಬುಧಿ ಅಕ್ಕಿ ಎರಡೂ ಮೂಟೆ ತರೀಕೆರೆ ಮದುವೆಮನೆಗೆ ಇಳಿಸಿ ಅಂತ. ಇಳಿಸ್ದೆ. ನಾನೇನ್ ಕನಸು ಕಂಡಿದ್ನಾ ಹಾಲಮ್ಮೋರೆ?”

ಅವನು ಕಡೂರಲ್ಲಿ ಮನೆಯಲ್ಲಿದ್ದ. ಉಗ್ರಾಣದ ಅಕ್ಕಿಯೆಲ್ಲಾ ಹಿಂದಿನ ದಿನವೇ ಹೊರಟುಹೋಗಿತ್ತು. ಅವನು ತರೀಕೆರೆಗೆ ಹೋಗಿ, ಮೂಟೆ ಹೇರಿಕೊಂಡು ಬರೋಷ್ಟರಲ್ಲಿ ಎಲೆ ಹಾಕೋ ಹೊತ್ತು. ರುದ್ರಮ್ಮ ಶುರುಮಾಡಿದಳು: “ನಾನು ಬಡ್ಕೊಂಡೆ. ಯಂತ್ರದ ಕೈಗೆ ಉಗ್ರಾಣ ಕೊಡಬೇಡ್ರೇ ಅಂತ. ಅವಳಿಗೇನ್ ಗೊತ್ತು ಅಡಿಗೆ ಕೆಲಸ? ಕೂತ್ಕೊಂಡು ಬೆರಳಾಡಿಸ್ತಾಳೆ.”

ನನಗೂ ಅದೇ ಅನ್ನಿಸಿತು. ಶಾಹಿದಾಗೆ ಫೋನ್ ಮಾಡಿ ಸರಿಯಾಗಿ ಬೈದೆ. “ಏನಮ್ಮಾ ನಿನ್ನ ಪಟ್ಟಿ? ನಾನೂರು ಜನದ ಮುಂದೆ ನಮ್ಮ ಮಾನ ತೆಗೀತಿದೀಯಲ್ಲ. ನಿನ್ನ ಕೈಲಿ ಆಗಲ್ಲ ಅಂದ್ರೆ ಬಿಟ್ಟು ಹೋಗು” ಅಂದೆ. ಇನ್ನೂ ಎರಡು ಮಾತು ಅಂದೆ, ಅವನ್ನ ಬರೆಯಲ್ಲ. ಅವಳು, “ನೋಡ್ತೀನಿ, ಇರಿ. ಮೊದಲು ಅಕ್ಕಿ ತರ್ತೀನಿ” ಅಂತ ಫೋನ್ ಇಟ್ಟಳು.

ನಮ್ಮ ಗಲಾಟೆ ಕೇಳಿ ಮನೆ ಯಜಮಾನ ಹಿತ್ತಲಿಗೆ ಬಂದ. ಪಂಚೆ ಉಟ್ಟು, ಶಲ್ಯ ಹೊದ್ದು, ಪೂಜೆಗೆ ಕೂರೋಕೆ ರೆಡಿಯಾಗಿದ್ದ.

“ಏನಾಯ್ತು? ಅಕ್ಕಿ ಇಲ್ವಾ? ಏನ್ರೀ, ಅಕ್ಕಿ ಇಲ್ವಾ?” ಅಂತ ಕೂಗಿದ.

ಹಿಂದಿಂದ ಅವನ ತಾಯಿ ಬಂದಳು. ನನ್ನ ವಯಸ್ಸಿನವಳೇ. ಮಗನ ಬೆನ್ನಿಗೆ ಒಂದು ಗುದ್ದಿದಳು. “ಲೇ, ಬಾಯ್ಮುಚ್ಚೋ! ಹೊಸಮನೇಲಿ ನಿಂತ್ಕೊಂಡು ಇಲ್ಲ ಇಲ್ಲ ಅಂತೀಯಲ್ಲೋ. ಹೆಚ್ಚೈತೆ ಅನ್ನು!”

“ಹೆಚ್ಚಿದ್ರೆ ಮಾಡ್ಲಿ ಮತ್ತೆ!” ಅಂದ ಅವನು.

ನನ್ನ ಕೈಯಲ್ಲಿ ಸೌಟಿತ್ತು. ಹಾಗೇ ನಿಂತೆ. ಹಿಂದಿನ ದಿನ ಒತ್ತಿದ ಗುಂಡಿ ಕಣ್ಣ ಮುಂದೆ ಬಂತು. ಹೆಚ್ಚು ಅಂದರೆ ಜಾಸ್ತಿ ಅಂತ ಆ ಮಗ ತಿಳಿದ ಹಾಗೇ ಫೋನೂ ತಿಳಿದಿತ್ತು. ಹೆಚ್ಚಿದ್ದರೆ ಇವರಿಗೆ ಇನ್ನೂ ಯಾಕೆ ಅಂತ ಎರಡು ಮೂಟೆಯನ್ನ ತರೀಕೆರೆಗೆ ಕಳಿಸಿತ್ತು. ಪಟ್ಟಿ ತಪ್ಪು ಮಾಡಿರಲಿಲ್ಲ, ಶಾಹಿದಾ ತಪ್ಪು ಮಾಡಿರಲಿಲ್ಲ. ತಪ್ಪು ನನ್ನ ಬೆರಳಿನದು.

ಅಲ್ಲೇ ಹೇಳಬಹುದಿತ್ತು. ರುದ್ರಮ್ಮ ಪಕ್ಕದಲ್ಲೇ ಇದ್ದಳು, ಇನ್ನೂ ಶಾಹಿದಾಳನ್ನ ಬೈತಾನೇ ಇದ್ದಳು. ನಾನು “ಪಲ್ಯಕ್ಕೆ ಒಗ್ಗರಣೆ ಹಾಕು ನಡಿ” ಅಂದೆ ಅಷ್ಟೇ.

ಒಂಬತ್ತೂಕಾಲಿಗೆ ಶಾಹಿದಾ ಬಂದಳು. ಅಜ್ಜಂಪುರದಲ್ಲಿ ಅಕ್ಕಿ ಅಂಗಡಿಯವನ ಮನೆ ಬಾಗಿಲು ಬಡಿದು, ಅವನನ್ನ ಎಬ್ಬಿಸಿ ಅಂಗಡಿ ತೆಗೆಸಿ, ಬಾಡಿಗೆ ಆಟೋದಲ್ಲಿ ಎರಡು ಮೂಟೆ ಹಾಕಿಕೊಂಡು ಬಂದಿದ್ದಳು. ಮೂಟೆಗಳು ಸೀಟಿನ ಮೇಲೆ ಕೂತಿದ್ದವು, ಅವಳು ಡ್ರೈವರ್ ಪಕ್ಕ ಒಂದು ಕಾಲು ಹೊರಗಿಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ ಅನ್ನೋದು ಮುಖ ನೋಡಿದರೇ ಗೊತ್ತಾಗ್ತಿತ್ತು.

ಯಜಮಾನ ಅವಳನ್ನೇ ಕಾಯ್ತಿದ್ದ. “ಇವರೇ ಏನ್ರೀ ಕಂಪ್ಯೂಟರ್ ಮೇಡಮ್ಮು? ಊಟಾನೂ ಕಂಪ್ಯೂಟರಲ್ಲೇ ಬಡಿಸ್ಬಿಡಿ, ಎಲೆ ಉಳಿಯುತ್ತೆ” ಅಂದ. ರುದ್ರಮ್ಮ, “ಯಾರು ಅಕ್ಕಿ ಬೇಡ ಅಂದಿದ್ದು? ತೋರಿಸು, ನಿನ್ನ ಪಟ್ಟೀಲಿ ತೋರಿಸು” ಅಂತ ಕೈ ಚಾಚಿದಳು.

ಶಾಹಿದಾ ಫೋನ್ ತೆಗೆದು ನೋಡಿದಳು. ಅದರಲ್ಲಿ ಯಾರು ಒತ್ತಿದ್ದು, ಎಷ್ಟು ಹೊತ್ತಿಗೆ ಒತ್ತಿದ್ದು ಎಲ್ಲಾ ಇರ್ತದೆ. ಅವಳು ದಾರಿಯಲ್ಲೇ ನೋಡಿಕೊಂಡು ಬಂದಿದ್ದಳು ಅಂತ ಕಾಣ್ತದೆ. ನನ್ನ ಮುಖ ಒಂದು ಸಲ ನೋಡಿದಳು. ಆಮೇಲೆ ಫೋನನ್ನ ಬ್ಯಾಗಿಗೆ ಹಾಕಿ, “ನನ್ನ ತಪ್ಪು. ನಾನು ಮಾಡಿದ ರೂಲ್ ತಪ್ಪಾಗಿದೆ. ಕ್ಷಮಿಸಿ” ಅಂದಳು.

ನಾನು ಸೌಟು ತಿರುವಿದೆ.

ಆ ಅಕ್ಕಿ ಹೊಸ ಅಕ್ಕಿ. ನೀರು ಎಷ್ಟು ಕಡಿಮೆ ಇಟ್ಟರೂ ಅಂಟ್ತಿತ್ತು. ಹೋಳಿಗೆ, ಕೋಸಂಬರಿ ಚೆನ್ನಾಗಿತ್ತು. ಅನ್ನ ಎಲೆ ಮೇಲೆ ಮುದ್ದೆಯಾಗಿ ಕೂತಿತು. ಎರಡನೇ ಪಂಕ್ತಿಯಲ್ಲಿ ಒಬ್ಬ, “ಅನ್ನಾನೂ ಗಾರೆ ಕೆಲಸದೋರೇ ಮಾಡಿದ್ರಾ?” ಅಂತ ಕೇಳಿದ. ಸುತ್ತ ಕೂತವರು ನಕ್ಕರು. ರುದ್ರಮ್ಮ ಅದನ್ನೂ ಶಾಹಿದಾ ತಲೆಗೆ ಕಟ್ಟಿದಳು, ಅಕ್ಕಿ ಗುರುತೂ ಇಲ್ಲದೋಳು ಅಂತ.

ಮಧ್ಯಾಹ್ನ ಪಾತ್ರೆ ಎಣಿಸೋವಾಗ ಶಾಹಿದಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಹಾಲಮ್ಮೋರೆ, ಬೇಜಾರು ಮಾಡ್ಕೋಬೇಡಿ. ಅಕ್ಷರ ಸಣ್ಣದಿತ್ತು, ನಿಮಗೆ ಕಾಣ್ಸಿಲ್ಲ. ದೊಡ್ಡದು ಮಾಡ್ತೀನಿ. ಬೇಕಾದ್ರೆ ಅಕ್ಷರದ ಬದಲು ಚಿತ್ರ ಹಾಕ್ತೀನಿ.”

ನನಗೆ ಓದೋಕೆ ಬರಲ್ಲ, ಅದಕ್ಕೆ ತಪ್ಪು ಗುಂಡಿ ಒತ್ತಿದ್ದೀನಿ ಅಂತ ಅವಳು ತಿಳಿದುಕೊಂಡಿದ್ದಳು. ಅದನ್ನ ನಾಲ್ಕು ಜನದ ಮುಂದೆ ಆಡಬಾರದು ಅಂತ ತಪ್ಪನ್ನ ತನ್ನ ಮೇಲೆ ಹಾಕಿಕೊಂಡಿದ್ದಳು. ನನಗೆ ಸಿಟ್ಟು ಬಂತು. ನನ್ನ ಮೇಲೋ ಅವಳ ಮೇಲೋ ಗೊತ್ತಿಲ್ಲ. “ನನಗೆ ಕಣ್ಣು ಕಾಣ್ತದೆ” ಅಂದೆ. ಎಣಿಸಿದ ಪಾತ್ರೆಗಳನ್ನೇ ಮತ್ತೆ ಮೊದಲಿಂದ ಎಣಿಸಿದೆ.

ಮಂಗಳವಾರ ಕಡೂರು ಉಗ್ರಾಣದಲ್ಲಿ ಎಲ್ಲರೂ ಸೇರಬೇಕು ಅಂತ ರುದ್ರಮ್ಮ ಕರೆದಳು. ಸೋಮವಾರ ಇಡೀ ದಿನ ನಾನು ಮನೆಯಲ್ಲೇ ಇದ್ದೆ. ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಹನ್ನೊಂದು ಜನದಲ್ಲಿ ಹಿರಿಯಳು ನಾನು. ಯಾರದಾದರೂ ಸಾರಿಗೆ ಉಪ್ಪು ಜಾಸ್ತಿಯಾದರೆ ಮುಖದ ಮೇಲೆ ಹೇಳೋಳು. ನನ್ನದನ್ನ ನಾನೇ ಹೇಳಿಕೊಳ್ಳೋದು ಅಷ್ಟು ಸುಲಭ ಆಗಲಿಲ್ಲ.

ಮಂಗಳವಾರ ಎಲ್ಲರೂ ಬಂದರು. ಓಂಕಾರಪ್ಪ ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ರುದ್ರಮ್ಮ ಹಳೇ ಪುಸ್ತಕ ತಂದಿದ್ದಳು, ಅದಕ್ಕೆ ಹೊಸ ರಟ್ಟು ಹಾಕಿಸಿದ್ದಳು. ಶಾಹಿದಾ ಒಂದು ಹಾಳೆಯಲ್ಲಿ ಪಾಸ್‌ವರ್ಡು, ಪಟ್ಟಿ ತೆಗೆಯೋ ಕ್ರಮ ಎಲ್ಲಾ ಬರೆದುಕೊಂಡು ಬಂದಿದ್ದಳು, ಒಪ್ಪಿಸಿ ಹೋಗೋಕೆ. ಅಂಗಡಿ ಹೋದ ಮೇಲೆ ಅವಳಿಗಿದ್ದದ್ದು ಇದೊಂದೇ ಕೆಲಸ. ಅದು ನಮಗೆಲ್ಲಾ ಗೊತ್ತಿತ್ತು.

“ಪಟ್ಟೀನೂ ಬೇಡ, ಪಟ್ಟಿಯೋಳೂ ಬೇಡ. ನನ್ನ ಪುಸ್ತಕ ಒಂದಿನಾನಾದ್ರೂ ಅಕ್ಕಿ ಮರೆತಿತ್ತಾ?” ಅಂದಳು ರುದ್ರಮ್ಮ.

“ಅಕ್ಕಿ ಮರೀಲಿಲ್ಲ, ಊರೇ ಮರೆತಿತ್ತು ಕಣ್ರೀ” ಅಂದ ಓಂಕಾರಪ್ಪ.

“ನೀನು ಬಾಯಿ ಹಾಕಬೇಡ” ಅಂದಳು ಅವಳು. ಯಾರೂ ನಗಲಿಲ್ಲ. ಇಬ್ಬರು ಮೂವರು ರುದ್ರಮ್ಮ ಹೇಳಿದ್ದೇ ಸರಿ ಅಂದರು. ಶಾಹಿದಾ ಹಾಳೆಯನ್ನ ನನ್ನ ಕಡೆ ನೀಡಿದಳು, ಹಿರಿಯಳು ಅಂತ. ನಾನು ತಗೊಳ್ಳಲಿಲ್ಲ.

“ಒತ್ತಿದ್ದು ನಾನು” ಅಂದೆ.

ರುದ್ರಮ್ಮ ತಿರುಗಿದಳು. “ಅದೇ ಹಾಲಕ್ಕ, ನಿನಗೆ ಕಣ್ಣು ಮಂಜು, ಏನೋ ಒತ್ತಿರ್ತೀಯ. ಅದಕ್ಕೇ ಹೇಳಿದ್ದು, ಇದೆಲ್ಲ ನಮಗಲ್ಲ ಅಂತ.”

“ಕಣ್ಣು ಕಂಡೇ ಒತ್ತಿದ್ದು ಕಣೇ. ಓದಿ ಒತ್ತಿದ್ದು. ಹಾಲುಕ್ಕದ ಮನೇಲಿ ಅಕ್ಕಿ ಹೆಚ್ಚಿತ್ತು, ಹೆಚ್ಚು ಅಂತ ಒತ್ತಿದೆ. ನೀನಾಗಿದ್ರೆ ಏನ್ ಒತ್ತಿದ್ದೆ? ಹೇಳು.”

ಮೂಲೆಯಿಂದ ಯಾರೋ ಒಬ್ಬಳು, “ಹೆಚ್ಚೂನೇ ಒತ್ತಬೇಕು. ಇನ್ನೇನು ಒತ್ತೋಕಾಗುತ್ತೆ?” ಅಂದಳು.

ಶಾಹಿದಾಗೆ ಇನ್ನೂ ಅರ್ಥ ಆಗಿರಲಿಲ್ಲ. “ಅಕ್ಕಿ ಹೆಚ್ಚಿತ್ತು ಅಂದ್ರೆ ಮತ್ತೆ ಅಕ್ಕಿ ಯಾಕೆ ಬೇಕಿತ್ತು?” ಅಂತ ಕೇಳಿದಳು.

“ಹೆಚ್ಚೈತೆ ಅಂದ್ರೆ ಖಾಲಿ ಅಂತ ಕಣಮ್ಮ.”

“ಹೆಚ್ಚು ಅಂದ್ರೆ ಖಾಲಿನಾ?”

“ಅಕ್ಕಿಗೆ. ಅರಿಶಿನಕ್ಕೆ, ಕುಂಕುಮಕ್ಕೆ, ಉಪ್ಪಿಗೆ.”

“ಸಕ್ಕರೆಗೆ?”

“ಸಕ್ಕರೆ ಖಾಲಿ ಅಂದ್ರೂ ನಡೀತದೆ.”

“ಇದನ್ನ ಎಲ್ಲಿ ಬರೆದಿದ್ದಾರೆ?”

“ಎಲ್ಲೂ ಬರೆದಿಲ್ಲ.”

ಅವಳು ತಲೆ ಕೆಳಗೆ ಹಾಕಿ ಫೋನ್ ತೆಗೆದಳು. ಸ್ವಲ್ಪ ಹೊತ್ತು ಮೇಲೆ ಕೆಳಗೆ ಸರಿಸಿದಳು. ಆಮೇಲೆ, “ರುದ್ರಮ್ಮೋರೆ, ಹೋದ ವಾರ ಯಗಟಿ ಮದುವೇಲಿ ಅರಿಶಿನಕ್ಕೆ ನೀವೂ ಹೆಚ್ಚು ಅಂತ ಒತ್ತಿದ್ದೀರ” ಅಂದಳು. ಹೇಳುವಾಗ ದನಿಯಲ್ಲಿ ಏನೂ ಇರಲಿಲ್ಲ. ಲೆಕ್ಕ ಓದಿದ ಹಾಗೆ ಓದಿದಳು.

ಯಗಟಿಯಲ್ಲಿ ಅರಿಶಿನ ಬಂದಿರಲಿಲ್ಲ. ಪಕ್ಕದ ಮನೆಯಿಂದ ಕೇಳಿ ತಂದಿದ್ದೆವು. ಓಂಕಾರಪ್ಪ ಎದ್ದು ನಿಂತ. “ಅಯ್ಯೋ ರುದ್ರಮ್ಮೋರೆ! ಅವತ್ತು ಅರಿಶಿನ ಮಾರ್ಕೊಂಡೆ ಅಂತ ನನ್ನ ಜನ್ಮ ಜಾಲಾಡಿಸ್ಬಿಟ್ರಲ್ಲ!”

“ಸುಮ್ನಿರೋ. ಅದು ಬೇರೆ” ಅಂದಳು ರುದ್ರಮ್ಮ. ಆಗ ಎಲ್ಲರೂ ನಕ್ಕರು. ಅವಳೂ ನಕ್ಕಳು, ಸ್ವಲ್ಪ ತಡವಾಗಿ.

ಶಾಹಿದಾ ಅಲ್ಲೇ ಕೂತು ಗುಂಡಿ ಬದಲಾಯಿಸಿದಳು. “ಹಾಗಾದ್ರೆ ನಿಜವಾಗ್ಲೂ ಜಾಸ್ತಿ ಇದ್ರೆ ಏನಂತೀರ?” ಅಂತ ಕೇಳಿದಳು. ‘ಮಿಕ್ಕೈತೆ’ ಅಂತೀವಿ ಅಂದೆವು. ಈಗ ಗುಂಡಿ ‘ಹೆಚ್ಚೈತೆ’, ‘ಸಾಕು’, ‘ಮಿಕ್ಕೈತೆ’. ‘ಹೆಚ್ಚೈತೆ’ ಒತ್ತಿದರೆ ಓಂಕಾರಪ್ಪ ಮೂಟೆ ತರ್ತಾನೆ. ‘ಇಲ್ಲ’ ಅನ್ನೋ ಮಾತು ಪಟ್ಟಿಯಲ್ಲಿ ಎಲ್ಲೂ ಇಲ್ಲ. ತಂಡಕ್ಕೆ ಹೊಸದಾಗಿ ಸೇರಿದವರಿಗೆ ಇದನ್ನ ಹೇಳಿಕೊಡೋದು ಶಾಹಿದಾನೇ. ಆಮೇಲೆ ಅಕ್ಕಿ ತಪ್ಪಿಲ್ಲ. ರುದ್ರಮ್ಮ ಪುಸ್ತಕದಲ್ಲೂ ಬರೀತಾಳೆ, ಬರೀಲಿ. ಬುಕ್ಕಾಂಬುಧಿಯವರು ಮಾತ್ರ ಅವರ ಮಗಳ ಮದುವೆಗೆ ಬೇರೆಯವರನ್ನ ಕರೆದರು.

ಅಕ್ಕಿ ತಪ್ಪಿದ್ದು ನನ್ನನ್ನ ಕಾಡಲ್ಲ. ಅದು ಮಾತಿನ ತಪ್ಪು, ಯಾರಿಗಾದರೂ ಆಗ್ತಿತ್ತು. ಆ ಹಿತ್ತಲಲ್ಲಿ ಮುದುಕಿ ಮಗನನ್ನ ಗುದ್ದಿದಾಗಲೇ ನನಗೆ ಎಲ್ಲಾ ಗೊತ್ತಾಗಿತ್ತು. ಆಮೇಲೂ ಶಾಹಿದಾ ನನ್ನ ಎದುರಿಗೇ ಕ್ಷಮೆ ಕೇಳಿದಳು, ನಾನು ಸೌಟು ತಿರುವುತ್ತಾ ನಿಂತೆ. ಭಾನುವಾರ ಬೆಳಿಗ್ಗೆಯಿಂದ ಮಂಗಳವಾರದವರೆಗೆ ಸುಮ್ಮನಿದ್ದೆ. ಅವಳು ಹಾಳೆ ನೀಡದೇ ಹೋಗಿದ್ದರೆ ಅವತ್ತೂ ಹೇಳ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಈಗಲೂ ಶಾಹಿದಾ ವಾರಕ್ಕೆ ಎರಡು ಸಲ ಫೋನ್ ಮಾಡ್ತಾಳೆ. ಕಾಲುನೋವು ಹೇಗಿದೆ ಕೇಳ್ತಾಳೆ, ಮುಂದಿನ ಕೆಲಸ ಹೇಳ್ತಾಳೆ. ಅಷ್ಟು ದಿನ ಯಾಕೆ ಸುಮ್ಮನಿದ್ರಿ ಅಂತ ಇವತ್ತಿನವರೆಗೂ ಕೇಳಿಲ್ಲ. ಕೇಳಿದರೆ, ನನ್ನ ಹತ್ತಿರ ಉತ್ತರ ಹೆಚ್ಚೈತೆ.